ಕುಲಸುಮಬಿಯ ಬೆಂಜೋ, ಸ್ವೀಡನ್ನಿನ ಕುಣಿತ

ಮುಂಜಾನೆ ಐದೂವರೆ. ಸವಣೂರಿನ ಓಣಿಯೊಂದರ ಮನೆಯ ಪಡಸಾಲೆಯಲ್ಲಿ ಕುಲಸುಮಬಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾರೆ. ತೊಡೆಯ ಮೇಲೆ ಎರಡೂವರೆ ಅಡಿ ಉದ್ದದ ಸಾಗವಾನಿ ಪೆಟ್ಟಿಗೆ. ಅದರ ಮೇಲೆ ಆರು ಉಕ್ಕಿನ ತಂತಿ, ಪಕ್ಕದಲ್ಲಿ ಸಾಲಾಗಿ ಇಪ್ಪತ್ತಾರು ಗುಂಡಿ. ಎಡಗೈಯಿಂದ ಒಂದು ಗುಂಡಿ ಒತ್ತುತ್ತಾರೆ, ಬಲಗೈಯಲ್ಲಿರುವ ಪ್ಲಾಸ್ಟಿಕ್ ಚೂರಿನಿಂದ ತಂತಿ ಮೀಟುತ್ತಾರೆ, ಕಣ್ಣು ಮುಚ್ಚಿ ಕೇಳುತ್ತಾರೆ. ಹೊರಗೆ ವೀಳ್ಯದೆಲೆಯ ಪೆಂಡಿ ಹೇರಿಕೊಂಡ ಸೈಕಲ್ಲೊಂದು ಕಿರುಗುಟ್ಟುತ್ತ ಬರುತ್ತದೆ. ಅದು ಓಣಿ ದಾಟುವವರೆಗೂ ಕೈ ತಡೆದು ಕಾಯುತ್ತಾರೆ.

“ಈ ಹೊತ್ತಿನ್ಯಾಗ ಸಪ್ಪಳ ಇರಂಗಿಲ್ರಿ. ಏಳಾತಂದ್ರ ಬಸ್ಸು, ಟಂಟಂ, ಮನಿ ಮನಿಗೆ ಮಿಕ್ಸರು. ಆಮ್ಯಾಲ ಕಿವಿಗೆ ಏನೂ ತಿಳಿಯಂಗಿಲ್ಲ” ಎನ್ನುತ್ತಾರೆ.

ಅವರ ತೊಡೆಯ ಮೇಲಿರುವುದು ಬೆಂಜೋ. ಈ ಭಾಗದ ಮದುವೆ ಮೆರವಣಿಗೆ ಕಂಡವರಿಗೆ ಅದರ ದನಿ ಗೊತ್ತು. ಗುಂಡಿ ಒತ್ತಿದರೆ ಕೆಳಗಿನ ಕಂಬಿ ತಂತಿಯನ್ನು ಅದುಮಿ ಸ್ವರ ಬದಲಾಗುತ್ತದೆ. ವೈರು ಸಿಕ್ಕಿಸಿ ಸ್ಪೀಕರ್‌ಗೆ ಕೊಟ್ಟರೆ ಇಡೀ ಓಣಿ ಎದ್ದು ಕುಣಿಯುತ್ತದೆ. ಹಾಡುವವರ ಅಗತ್ಯವೇ ಇಲ್ಲ. ಶಿಗ್ಗಾಂವಿ, ಹಾನಗಲ್, ಹಿರೇಕೆರೂರು ಕಡೆಯ ಬೆಂಜೋ ಪಾರ್ಟಿಗಳವರು ನುಡಿಸುವ ವಾದ್ಯಗಳಲ್ಲಿ ಬಹಳಷ್ಟು ಇದೇ ಪಡಸಾಲೆಯಲ್ಲಿ ತಯಾರಾದವು. ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳ ಸಭಾಂಗಣಗಳನ್ನು ತುಂಬಿಸುತ್ತಿರುವ ಇಂಗ್ಲೆಂಡಿನ ವಾದ್ಯತಂಡವೊಂದು ನುಡಿಸುತ್ತಿರುವುದೂ ಇಲ್ಲಿಯದನ್ನೇ. ಐವತ್ತಾರು ವರ್ಷದ ಕುಲಸುಮಬಿ ಮಾತ್ರ ಈವರೆಗೆ ದೂರ ಹೋದದ್ದೆಂದರೆ ಮೀರಜ್ ತನಕ, ತಂತಿ ತರಲು.

ಅವರ ತವರು ಬಂಕಾಪುರ. ಕಲಿತದ್ದು ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆ ತನಕ. ಮದುವೆಯಾಗಿ ಸವಣೂರಿಗೆ ಬಂದಾಗ ಗಂಡ ಖಾದರಸಾಬ ಆಗಲೇ ಹೆಸರಾದ ಬೆಂಜೋ ವಾದಕ. ಮೀರಜ್‌ನಿಂದ ತಂದ ವಾದ್ಯ ಒಡೆದಾಗ ಅದನ್ನು ಬಿಚ್ಚಿ, ಅಳತೆ ತೆಗೆದು, ತಾವೇ ಒಂದು ಮಾಡಿಕೊಂಡರು. ಅದನ್ನು ನೋಡಿ ಉಳಿದವರೂ ಕೇಳಿದರು. ಗಂಡ ಮರ ಕೆತ್ತಿದರೆ ಹೆಂಡತಿ ಸ್ಪ್ರಿಂಗ್ ಸುತ್ತುತ್ತಿದ್ದರು, ಗುಂಡಿ ಒರೆಸುತ್ತಿದ್ದರು.

ಆ ಗುಂಡಿಗಳದ್ದೇ ಒಂದು ಕಥೆ. ಅವು ಹಳೆಯ ಕನ್ನಡ ಟೈಪ್‌ರೈಟರ್‌ಗಳ ಗುಂಡಿಗಳು. ಕಚೇರಿಗಳಿಗೆ ಕಂಪ್ಯೂಟರ್ ಬಂದ ಕಾಲದಲ್ಲಿ ಹಾನಗಲ್ಲಿನ ಗುಜರಿಯಲ್ಲಿ ಟೈಪ್‌ರೈಟರ್‌ಗಳು ಕೆಜಿ ಲೆಕ್ಕದಲ್ಲಿ ಸಿಗುತ್ತಿದ್ದವು. ಹಿರೇಕೆರೂರಿನಲ್ಲಿ ಟೈಪಿಂಗ್ ಶಾಲೆಯೊಂದು ಮುಚ್ಚಿದಾಗ ಖಾದರಸಾಬರು ಹನ್ನೊಂದು ಮಷೀನು ಒಂದೇ ಸಲಕ್ಕೆ ಟೆಂಪೋದಲ್ಲಿ ಹೇರಿಕೊಂಡು ಬಂದಿದ್ದರು. ಹೀಗಾಗಿ ಇವರ ಬೆಂಜೋದ ಗುಂಡಿಗಳ ಮೇಲೆ ಕ, ನ, ಳ, ಘ ಎಂದೆಲ್ಲ ಅಕ್ಷರಗಳಿರುತ್ತವೆ. ಸ್ವರಕ್ಕೂ ಅವಕ್ಕೂ ಸಂಬಂಧವಿಲ್ಲ. ಕೈಗೆ ಸಿಕ್ಕಿದ್ದನ್ನು ಸಿಕ್ಕಲ್ಲಿ ಕೂರಿಸಿದ್ದು. “ನಾ ಕನ್ನಡ ಕಲ್ತಿದ್ದು ಸಾಲ್ಯಾಗ ಅಲ್ರಿ, ಈ ಗುಂಡಿ ಒರಸ್ಕೋತ. ಇದ್ಯಾವ್ದು, ಇದ್ಯಾವ್ದು ಅಂತ ಇವ್ರನ್ನ ಕೇಳ್ಕೋತ ಕೇಳ್ಕೋತ ಒಂದಿನ ಬಸ್ಸಿನ ಬೋರ್ಡ್ ಓದಿಬಿಟ್ಟೆ” ಎಂದು ನಗುತ್ತಾರೆ.

2010ರಲ್ಲಿ ಹಿರೇಕೆರೂರು ಕಡೆಯ ಮದುವೆ ಮುಗಿಸಿ ಬರುವಾಗ ಪಾರ್ಟಿಯ ಟೆಂಪೋ ಮಗುಚಿತು. ಜೀವಕ್ಕೆ ಏನೂ ಆಗಲಿಲ್ಲ, ಆದರೆ ಖಾದರಸಾಬರ ಬಲಗೈ ಮಣಿಕಟ್ಟು ಮುರಿದು, ಕೂಡಿದ ಮೇಲೂ ಬೆರಳಿಗೆ ಬಲ ಬರಲಿಲ್ಲ. ಮನೆಯಲ್ಲಿ ಏಳು ಬೆಂಜೋ ಅರ್ಧಂಬರ್ಧ ಆಗಿ ಕೂತಿದ್ದವು, ಲಗ್ನಗಳ ಸುಗ್ಗಿಗೆ ಮೂರು ವಾರ ಬಾಕಿ. ಒಂದು ದಿನ ಗಂಡ ಮಲಗಿದ್ದಾಗ ಕುಲಸುಮಬಿ ಒಂದನ್ನೆತ್ತಿ ತಂತಿ ಬಿಗಿದರು.

“ಬೆಕ್ಕು ಒದರಿದಂಗ ಒದರ್ತು. ಇವ್ರು ಮಂಚದ ಮ್ಯಾಗಿಂದನಽ ಮ್ಯಾಲ, ಇನ್ನಟು ಮ್ಯಾಲ, ಕೆಳಗ ಅಂತ ಹೇಳವ್ರು. ಎರಡು ದಿನ ಬರೇ ಬೈಸ್ಕೊಂಡೆ. ಮೂರನೇ ದಿನ ಮೀಟಿದೆ, ಏನೂ ಅನ್ನಲಿಲ್ಲ. ನಿದ್ದಿ ಹತ್ತೇತೇನೋ ಅಂತ ನೋಡಿದ್ರ ಕಣ್ಣು ತೆರಕೊಂಡ ಮಕ್ಕೊಂಡಾರ. ಅವಾಗ ತಿಳೀತು, ಸರಿ ಆಗೇತಿ ಅಂತ.”

ಏಳೂ ಬೆಂಜೋ ಹೊತ್ತಿಗೆ ಸರಿಯಾಗಿ ಹೋದವು. ಆದರೆ ಖಾದರಸಾಬರ ಹೆಸರಿನಲ್ಲಿ. ಹೆಂಗಸು ಮಾಡಿದ್ದು ಎಂದರೆ ಕೊಳ್ಳುವವರು ಹಿಂಜರಿದಾರು ಎಂಬ ಅಳುಕು ಇಬ್ಬರಿಗೂ ಇತ್ತು. ಗಿರಾಕಿ ಬಂದಾಗ ಖಾದರಸಾಬರು ಪಡಸಾಲೆಯಲ್ಲಿ ಕೂತು ಮಾತಾಡುವುದು, ಕುಲಸುಮಬಿ ಒಳಗಿನಿಂದ ಚಹಾ ತರುವುದು. ವರ್ಷಗಟ್ಟಲೆ ಇದೇ ನಡೆಯಿತು. ಒಳಗೆ ನಿಂತು ತಾನು ಮಾಡಿದ ವಾದ್ಯವನ್ನು ಬೇರೆಯವರು ಹೊಗಳುವುದನ್ನು ಕೇಳುವಾಗ ಏನನ್ನಿಸುತ್ತಿತ್ತು ಎಂದರೆ ಅವರು ಸೆರಗು ಸರಿಪಡಿಸಿಕೊಳ್ಳುತ್ತಾರೆ. “ಖುಷಿ ಆಗ್ತಿತ್ತು. ಚಾದಾಗ ಸಕ್ರಿ ಒಂದಿಷ್ಟು ಜಾಸ್ತಿ ಬೀಳ್ತಿತ್ತು, ಅಷ್ಟ.”

ಮುಂದೆ ಡಿಜೆ ಬಂತು. ಲಾರಿಯೆತ್ತರದ ಸ್ಪೀಕರ್‌ಗಳ ಮುಂದೆ ಬೆಂಜೋ ಪಾರ್ಟಿಗಳು ಒಂದೊಂದಾಗಿ ಸುಮ್ಮನಾದವು. ವರ್ಷಕ್ಕೆ ಮೂವತ್ತರಷ್ಟಿದ್ದ ಬೇಡಿಕೆ ಐದಕ್ಕಿಳಿಯಿತು. ಕುಲಸುಮಬಿ ಸೀರೆಗೆ ಫಾಲ್ ಹೊಲಿಯಲು ಕೂತರು.

ಅಂಥ ದಿನಗಳಲ್ಲೇ, 2017ರ ಜನವರಿಯಲ್ಲಿ, ಶಿಗ್ಗಾಂವಿಯ ವ್ಯಾಪಾರಸ್ಥರ ಮನೆಯ ಮಗಳು ಅಂಕಿತಾ ಅವರ ಮದುವೆ. ಅಂಕಿತಾ ಇಂಗ್ಲೆಂಡಿನ ಶೆಫೀಲ್ಡ್‌ನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಅದೇ ಆಸ್ಪತ್ರೆಯಲ್ಲಿ ಲಿಫ್ಟ್ ರಿಪೇರಿ ಮಾಡುವ ಕೋಲಿನ್ ಹಾರ್ಡ್‌ಕಾಸಲ್ ಎಂಬವರು ಮದುವೆಗೆ ಬಂದಿದ್ದರು. ಹಗಲು ಲಿಫ್ಟ್ ಕೆಲಸ, ಸಂಜೆ ಮೂವರು ಗೆಳೆಯರ ಜೊತೆ ಗಿಟಾರ್. ಮೆರವಣಿಗೆಯಲ್ಲಿ ಶಿಗ್ಗಾಂವಿಯ ಅಯಾಜ್ ಬೆಂಜೋ ನುಡಿಸುತ್ತಿದ್ದರು. “ಮದುಮಗನ್ನ ಬಿಟ್ಟು ನನ್ನ ಹಿಂದ ಬಿದ್ರು ನೋಡ್ರಿ. ಎರಡು ತಾಸು ನನ್ನ ಕೈ ನೋಡ್ಕೋತ ಹಿಂದ್‌ಮುಂದ ನಡದಾರ, ಚರಂಡ್ಯಾಗ ಒಮ್ಮಿ ಕಾಲೂ ಇಟ್ರು” ಎಂದು ಅಯಾಜ್ ನೆನೆಯುತ್ತಾರೆ.

ಮರುದಿನ ಕೋಲಿನ್ ಅವರನ್ನು ಅಯಾಜ್ ಸವಣೂರಿಗೆ ಕರೆತಂದರು. ಕೋಲಿನ್ ದಿನವಿಡೀ ಪಡಸಾಲೆಯಲ್ಲಿ ಕೂತು ನುಡಿಸಿ, ಒಂದು ಬೆಂಜೋ ಕೊಂಡು, ಖಾದರಸಾಬರ ಎಡಗೈ ಹಿಡಿದು ಕುಲುಕಿ, ಎಂಥ ಕೈಚಳಕ ನಿಮ್ಮದು ಎಂದು ಹೊಗಳಿದರು. ಕುಲಸುಮಬಿ ಚಹಾ ಕೊಟ್ಟರು. ವಾದ್ಯಕ್ಕೆ ಪೆಟ್ಟಾಗಬಾರದೆಂದು ಹಳೆಯ ಕೌದಿಯೊಂದರಲ್ಲಿ ಸುತ್ತಿಕೊಟ್ಟವರೂ ಅವರೇ.

ಆ ಬೆಂಜೋ ಶೆಫೀಲ್ಡ್‌ನಲ್ಲಿ ಐದು ವರ್ಷ ಹೆಚ್ಚೇನೂ ಸದ್ದು ಮಾಡಲಿಲ್ಲ. ಕೋಲಿನ್ ಅವರ ತಂಡದ ಹೆಸರು ‘ದಿ ಟಿನ್ ಕೆಟಲ್ಸ್’. ಸವಣೂರಿನಲ್ಲಿ ಈಗ ಎಲ್ಲರ ಬಾಯಲ್ಲಿ ಅದು ‘ಕೆಟ್ಲಿ ಬ್ಯಾಂಡ್’. ಹಾಡುಗಾರ ತಂಡ ಬಿಟ್ಟುಹೋದ ಮೇಲೆ ಇನ್ನೊಬ್ಬರನ್ನು ಹುಡುಕುವ ಬದಲು ವಾದ್ಯಗಳನ್ನಷ್ಟೇ ನುಡಿಸುತ್ತ ಹೋದರು. ಊರಿನ ಪಬ್‌ಗಳಲ್ಲಿ ಇಪ್ಪತ್ತು ಮೂವತ್ತು ಮಂದಿ, ಅವರಲ್ಲೂ ಅರ್ಧ ಜನ ಬೆನ್ನು ತಿರುಗಿಸಿ ಕೂತವರು. 2022ರಲ್ಲಿ ಸ್ವೀಡನ್ನಿನ ರೇಡಿಯೋ ನಿರೂಪಕಿಯೊಬ್ಬರು ಇವರ ಒಂದು ಧ್ವನಿಮುದ್ರಣ ಹಾಕಿದರು. ಮುಂದೆ ಗಿಟಾರ್, ನಡುವೆ ಬೆಂಜೋ, ಒಂದೂ ಮಾತಿಲ್ಲ. ಮರುದಿನದಿಂದ ಅದನ್ನೇ ಮತ್ತೆ ಹಾಕಿ ಎಂದು ಪತ್ರಗಳು. ಹಾಡಿಲ್ಲದ ಗಿಟಾರ್ ಸಂಗೀತಕ್ಕೆ ಹರೆಯದಲ್ಲಿ ಕುಣಿದಿದ್ದ ಹಿರಿಯರು ಮೊದಲು ಬಂದರು, ಅವರ ಹಿಂದೆ ಮೊಮ್ಮಕ್ಕಳು. ಸ್ವೀಡನ್ ಆಯಿತು, ನಾರ್ವೆ ಆಯಿತು, ಡೆನ್ಮಾರ್ಕ್ ಆಯಿತು. ಕೋಲಿನ್ ಲಿಫ್ಟ್ ಕೆಲಸಕ್ಕೆ ದೀರ್ಘ ರಜೆ ಹಾಕಿದರು.

ಗುಂಡಿಗಳ ಮೇಲಿನ ಅಕ್ಷರಗಳನ್ನು ಅಲ್ಲಿಯ ಅಭಿಮಾನಿಗಳು ಏನೋ ಗುಪ್ತ ಸ್ವರಲಿಪಿ ಎಂದು ತಿಳಿದರು. ಫೋಟೋ ದೊಡ್ಡದು ಮಾಡಿ ಚರ್ಚಿಸಿದರು. ದೊಡ್ಡದಾಗಿ ‘ಳ’ ಎಂದು ಬರೆದ ಟೀಶರ್ಟ್ ತೊಟ್ಟು ಕುಣಿಯಲು ಬಂದರು. ಈ ಸಂಗತಿ ಕುಲಸುಮಬಿಗೆ ತಿಳಿದದ್ದು ಬಹಳ ತಡವಾಗಿ. “ಹಿರೇಕೆರೂರ ಟೈಪಿಂಗ್ ಸಾಲ್ಯಾಗ ಹುಡುಗ್ರು ಕುಟ್ಟಿ ಕುಟ್ಟಿ ಸವಿಸಿದ್ದ ಳ ಅದು. ಅದನ್ನ ಎದಿ ಮ್ಯಾಲ ಹಾಕ್ಕೊಂಡಾರ” ಎಂದು ಅವರು ಈಗಲೂ ಬಾಯಿಗೆ ಸೆರಗು ಹಿಡಿಯುತ್ತಾರೆ.

2023ರ ಫೆಬ್ರುವರಿಯ ಒಂದು ಭಾನುವಾರ ಮಧ್ಯಾಹ್ನ ಮೂರೂವರೆಗೆ ಅಯಾಜ್ ಫೋನ್ ಮಾಡಿದರು.

“ಚಾಚಿ, ಖಾದರಚಾಚಾ ಅದಾರೇನ್ರಿ? ಕೋಲಿನ್ ಅವರ ಬೆಂಜೋ ಕೆಟ್ಟೈತಂತ. ಸ್ವೀಡನ್ನಿನ್ಯಾಗ ಅದಾರಂತ, ಸಂಜಿಗೆ ದೊಡ್ಡ ಪ್ರೋಗ್ರಾಂ ಐತಂತ. ಅಂಕಿತಾ ಅವರು ಫೋನ್ ಹಚ್ಚಿದ್ರು. ವಿಡಿಯೋ ಬರೂ ನಂಬರ್ ಒಂದು ಹೇಳ್ರಿ, ಅವರಿಗೆ ಕೊಡ್ತೇನಿ.”

ಕುಲಸುಮಬಿಯ ಅಕ್ಕನ ಮಗಳು ಗುಲ್ನಾರ ಹಾನಗಲ್ಲಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್. ಭಾನುವಾರವಾದ್ದರಿಂದ ಖಾಲಾ, ಅಂದರೆ ಚಿಕ್ಕಮ್ಮನ ಮನೆಗೆ ಬಂದಿದ್ದಳು. ಅವಳ ಮೊಬೈಲಿನಲ್ಲಿ ವಿಡಿಯೋ ಕರೆ ಬಂತು. ಗೋಥೆನ್‌ಬರ್ಗ್ ಎಂಬ ಊರು, ಅಲ್ಲಿ ಬೆಳಗಿನ ಹನ್ನೊಂದು ಗಂಟೆ, ಹೊರಗೆ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗೆ. ಉಣ್ಣೆ ಟೊಪ್ಪಿಗೆಯ ಕೋಲಿನ್, ಹಿಂದೆ ಬಾಡಿದ ಮುಖದ ಮೂವರು. ಖಾದರಸಾಬರನ್ನು ಕರೆಯಿರಿ, ಇದನ್ನು ಮಾಡಿದವರೇ ಹೇಳಬೇಕು ಎಂದರು.

ಖಾದರಸಾಬರು ಮೊಬೈಲ್ ಕೈಗೆ ತೆಗೆದುಕೊಂಡರು. ಆಮೇಲೆ ಗುಲ್ನಾರಳತ್ತ ತಿರುಗಿದರು.

“ಅವರಿಗೆ ಹೇಳವಾ. ಅದನ್ನ ಮಾಡಿದಾಂವ ನಾನಲ್ಲ. ಮಾಡಿದಾಕಿ ಇಲ್ಲಿ ಕುಂತಾಳ.”

ಹೇಳಿ, ಮೊಬೈಲನ್ನು ಹೆಂಡತಿಯ ಕೈಗೆ ಕೊಟ್ಟರು.

“ಹದಿಮೂರು ವರ್ಷದಾಗ ಮೊದಲ ಸಲ ಮಂದಿ ಮುಂದ ಆ ಮಾತು ಹೇಳಿದ್ರು. ಅಳಬೇಕಂದ್ರ ಆ ಕಡೆ ನಾಕು ಮಂದಿ ಗಂಡಸ್ರು ಪಿಳಿಪಿಳಿ ನೋಡಾಕತ್ತಾರ. ಹಾಳಾದ್ದು ಮೊದಲ ಕೆಲಸ ಮುಗೀಲಿ ಅಂತ ಅಂದ್ಕೊಂಡೆ” ಎನ್ನುತ್ತಾರೆ ಕುಲಸುಮಬಿ.

ಕೋಲಿನ್ ಆಗಲೇ ಸ್ಕ್ರೂಡ್ರೈವರ್ ಹಿಡಿದು ಗುಂಡಿ ಬಿಚ್ಚಲು ಹೊರಟಿದ್ದರು. “ಮುಟ್ಟಬ್ಯಾಡ ಅನ್ನು. ಒಂದೊಂದಽ ಒತ್ತಿ ಮೀಟಂತ ಹೇಳು, ಅವಸರ ಬ್ಯಾಡ” ಎಂದರು ಕುಲಸುಮಬಿ. ಇಪ್ಪತ್ತಾರೂ ಗುಂಡಿ ಕೇಳಿದರು. ಹದಿನಾಲ್ಕರಿಂದ ಮುಂದೆ ಎಲ್ಲವೂ ಝರ್ ಎನ್ನುತ್ತಿದ್ದವು.

“ಗುಂಡಿದೇನೂ ತಪ್ಪಿಲ್ಲ. ಆ ಥಂಡಿಗೆ, ಒಳಗಿನ ಹೀಟರಿಗೆ ಹಲಿಗಿ ಒಣಗಿ ಸೆಟದೈತಿ. ಕುದರಿ ಒಂದು ಕಾಲು ಎತ್ತೇತಿ, ನೋಡಂತ ಹೇಳು.”

ತಂತಿಗಳನ್ನು ಎತ್ತಿ ಹಿಡಿಯುವ ಪುಟ್ಟ ಮರದ ತುಂಡಿಗೆ ಕುದುರೆ ಎನ್ನುತ್ತಾರೆ. ಗಾಬರಿಯಲ್ಲಿದ್ದ ಗುಲ್ನಾರ ಇದ್ದದ್ದನ್ನು ಇದ್ದಂತೆ ಇಂಗ್ಲಿಷಿಗೆ ತಿರುಗಿಸಿ, ನಿಮ್ಮ ಕುದುರೆ ಒಂದು ಕಾಲು ಎತ್ತಿದೆ ಎಂದುಬಿಟ್ಟಳು. ಆ ಕಡೆಯ ನಾಲ್ವರೂ ಸುತ್ತಮುತ್ತ ನೋಡಿದರು. ಬೆರಳಿಟ್ಟು ತೋರಿಸಿದ ಮೇಲೆ ಎಲ್ಲರಿಗೂ ನಗು. ಕುದುರೆಯ ಕಾಲು ನಿಜಕ್ಕೂ ಎದ್ದಿತ್ತು.

ಸವಣೂರಿನಲ್ಲಾಗಿದ್ದರೆ ಬಿದಿರಿನ ಸಿಬಿರು ಸೇರಿಸುತ್ತಿದ್ದರು. ಗೋಥೆನ್‌ಬರ್ಗ್‌ನಲ್ಲಿ ಬಿದಿರೆಲ್ಲಿ ಹುಡುಕುವುದು? ಕುಲಸುಮಬಿ ಪರದೆಗೆ ಮುಖ ಹತ್ತಿರ ತಂದು ಮೇಜಿನ ಮೇಲಿದ್ದದ್ದನ್ನೆಲ್ಲ ನೋಡಿದರು.

“ಆ ಕಾಫಿ ಲೋಟದಾಗ ಕಡ್ಡಿ ಐತೆಲ್ಲ, ಅದು ಕಟಿಗೀದೇನು, ಪ್ಲಾಸ್ಟಿಕ್ಕಿಂದೇನು ಕೇಳು.”

ಕಟ್ಟಿಗೆಯದ್ದೇ. ಅದನ್ನು ಒರೆಸಿ, ಉಗುರಿನಗಲ ಮುರಿದು, ತಂತಿ ಸಡಿಲಿಸಿ, ಕುದುರೆಯ ಕಾಲಡಿ ತೂರಿಸಿದ್ದಾಯಿತು. ಆಮೇಲೆ ಹಸಿ ಟವೆಲ್ ಹಿಂಡಿ ಪೆಟ್ಟಿಗೆಯ ಪಕ್ಕಕ್ಕಿಟ್ಟು, ಮೇಲೆ ಬಟ್ಟೆ ಮುಚ್ಚಿ ಒಂದು ತಾಸು ಬಿಡಲು ಹೇಳಿದರು, ಮರ ಸ್ವಲ್ಪ ಪಸೆ ಕುಡಿಯಲಿ ಎಂದು. ಆ ಹೊತ್ತಿಗೆ ಸವಣೂರಿನಲ್ಲಿ ಕರೆಂಟ್ ಹೋಯಿತು. ಮೊಬೈಲಿನಲ್ಲಿ ಹನ್ನೆರಡು ಪರ್ಸೆಂಟ್ ಚಾರ್ಜ್. ಗುಲ್ನಾರ ಅದನ್ನು ಬಂದ್ ಮಾಡಿ ಇಟ್ಟಳು.

ಆ ಒಂದು ತಾಸು ಕುಲಸುಮಬಿ ಕೂತಲ್ಲಿ ಕೂರಲಿಲ್ಲ. ಮೊರ ತಂದು ಅಕ್ಕಿ ಆರಿಸತೊಡಗಿದರು. ಅಲ್ಲಿ ಹಲಗೆ ಸೀಳಿಬಿಟ್ಟರೆ? ಗಂಡ ಹೆಸರು ಹೇಳಿದ ದಿನವೇ ಹೆಸರು ಕೆಡಬೇಕೇ? ಖಾದರಸಾಬರು ನೋಡುವಷ್ಟು ನೋಡಿ, “ಆ ಅಕ್ಕಿ ಎಷ್ಟು ಸಲ ಆರಸ್ತಿ? ಕಲ್ಲು ಮುಗದು ಈಗ ಅಕ್ಕೀನಽ ಒಗ್ಯಾಕತ್ತಿ” ಎಂದರು.

ಮತ್ತೆ ಕರೆ ಹಚ್ಚಿದಾಗ ಝರ್ ಸದ್ದು ಹೋಗಿತ್ತು. ಉಳಿದದ್ದು ಶ್ರುತಿ. ಕುಲಸುಮಬಿ ತಮ್ಮ ಬೆಂಜೋ ತಂದು ಒಂದೊಂದೇ ತಂತಿ ಮೀಟಿದರು, ಆ ಕಡೆ ಕೋಲಿನ್ ಕೂಡಿಸುತ್ತ ಬಂದರು. ಇಬ್ಬರ ನಡುವೆ ಈಗ ಗುಲ್ನಾರಳ ಇಂಗ್ಲಿಷ್ ಬೇಕಾಗಲಿಲ್ಲ. ಸರಿಯಾದಾಗ ಇವರು ತಲೆಯಾಡಿಸುವರು, ಅವರು ಮುಂದಿನ ತಂತಿಗೆ ಹೋಗುವರು. ಐದು ತಂತಿ ಮುಗಿದವು. ಆರನೆಯದನ್ನು ತಿರುಚುತ್ತಿರುವಾಗ ಮೊಬೈಲ್ ಆರಿಹೋಯಿತು.

ಕರೆಂಟ್ ಬಂದದ್ದು ಕತ್ತಲಾದ ಮೇಲೆ. ಆಗ ಹಚ್ಚಿದರೆ ಯಾರೂ ಎತ್ತಲಿಲ್ಲ. ಮರುದಿನ ನಸುಕಿನಲ್ಲಿ ಹಾನಗಲ್ ಬಸ್ಸಿಗೆ ಹೊರಟಿದ್ದ ಗುಲ್ನಾರ ಚಪ್ಪಲಿ ಮೆಟ್ಟಿದವಳು ಹಾಗೇ ಒಳಗೆ ಬಂದು ಮೊಬೈಲ್ ಹಿಡಿದಳು. ಕೋಲಿನ್ ಕಳಿಸಿದ ವಿಡಿಯೋ. ಸಾವಿರದ ಇನ್ನೂರು ಜನ ನಿಂತ ಸಭಾಂಗಣ. ಬೆಂಜೋವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಕೋಲಿನ್ ಏನೋ ಹೇಳುತ್ತಾರೆ, ಕೊನೆಗೆ ಒಂದು ಹೆಸರು: ಕುಲ್‌ಸೂಮ್‌ಬೀ. ಜನ ತಿರುಗಿ ಕೂಗುತ್ತಾರೆ, ಇನ್ನೊಮ್ಮೆ ಕೂಗುತ್ತಾರೆ. ಆಮೇಲೆ ಬೆಂಜೋ ಶುರುವಾಗುತ್ತದೆ, ಬಿಳಿತಲೆಯ ಅಜ್ಜ ಅಜ್ಜಿಯರೆಲ್ಲ ಕೈ ಕೈ ಹಿಡಿದು ಕುಣಿಯುತ್ತಾರೆ.

“ಅಷ್ಟು ಮಂದಿ ಕೂಡಿ ನನ್ನ ಹೆಸರು ಕರದಿದ್ದು ನಾ ಎಂದೂ ಕೇಳಿದ್ದಿಲ್ರಿ. ರೇಷನ್ ಅಂಗಡ್ಯಾಗ ಒಬ್ಬಾಂವ ಕರೀತಾನ, ಅವನೂ ಅರ್ಧಽ ಕರೀತಾನ. ಎರಡು ಸಲ ನೋಡಿದೆ. ಆರನೇ ತಂತಿ ಒಂದು ಕೂದಲೆಳಿಯಷ್ಟು ಇಳದಿತ್ತು. ಯಾರಿಗೂ ತಿಳೀಲಿಲ್ಲ.”

ಸುದ್ದಿ ಶಿಗ್ಗಾಂವಿಯ ಅಯಾಜ್ ಮೂಲಕ ಬೆಂಜೋ ಪಾರ್ಟಿಗಳಿಗೆಲ್ಲ ಹಬ್ಬಿತು. ಹಾನಗಲ್ಲಿನ ಹಿರಿಯ ವಾದಕರೊಬ್ಬರಿಗೆ ನಂಬಿಕೆ ಬರಲಿಲ್ಲ. ತಮ್ಮ ವಾದ್ಯ ಹಿಡಿದು ಸವಣೂರಿಗೆ ಬಂದು, ನನ್ನ ಮುಂದೆ ಶ್ರುತಿ ಮಾಡಿ ತೋರಿಸಿ ಎಂದರು. ಕುಲಸುಮಬಿ ಅಲ್ಲೇ ಮಾಡಿಕೊಟ್ಟರು. ಒಂಬತ್ತು ವರ್ಷದಿಂದ ತಾವು ಹೆಮ್ಮೆಯಿಂದ ನುಡಿಸುತ್ತಿದ್ದ ಬೆಂಜೋ ಈಕೆಯದೇ ಎಂದು ತಿಳಿದಾಗ ಆ ಹಿರಿಯರು ಚಹಾ ಆರುವವರೆಗೂ ಲೋಟ ಹಿಡಿದೇ ಕೂತಿದ್ದು, ಹೋಗುವಾಗ ಇನ್ನೊಂದು ಬೇಕೆಂದು ಹೇಳಿ ಹೋದರು.

ಕಳೆದ ವರ್ಷ ಈ ಪಡಸಾಲೆಯಿಂದ ಮೂವತ್ತಮೂರು ಬೆಂಜೋ ಹೊರಬಿದ್ದಿವೆ. ಹದಿನಾಲ್ಕು ಸ್ವೀಡನ್, ನಾರ್ವೆ ಕಡೆಗೆ, ಹತ್ತೊಂಬತ್ತು ನಮ್ಮ ಊರುಗಳಿಗೇ. ಡಿಜೆಗೆ ಬೇಸತ್ತವರು ಮತ್ತೆ ಬೆಂಜೋ ಕೇಳತೊಡಗಿದ್ದಾರೆ ಎಂದು ಅಯಾಜ್ ಹೇಳುತ್ತಾರೆ. ಒಂದು ವಾದ್ಯಕ್ಕೆ ಒಂಬತ್ತು ದಿನದ ಕೆಲಸ. ಹಿರೇಕೆರೂರಿನ ಬಡಿಗರ ಮನೆಯ ಭಾಗ್ಯಶ್ರೀ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬಂದು ಮರಗೆಲಸ ಮಾಡುತ್ತಾಳೆ. “ಅಪ್ಪ ಬಾಗಲಾ, ಕಿಡಕಿ ಮಾಡ್ತಾನ್ರಿ. ನಾ ಮಾಡಿದ ಕಟಿಗಿ ಮಾತಾಡ್ತೈತಿ ಅಂತ ಅವನಿಗೆ ಹೇಳ್ತೇನಿ” ಎನ್ನುವ ಅವಳಿಗೆ ಈಗ ಶ್ರುತಿಯ ಪಾಠವೂ ಶುರುವಾಗಿದೆ. ಈಗಿನ ಚಿಂತೆ ಗುಂಡಿಯದು. ಟೈಪ್‌ರೈಟರ್‌ಗಳು ಮುಗಿಯುತ್ತ ಬಂದಿವೆ, ಸ್ವೀಡನ್ನಿನವರಿಗೋ ಅಕ್ಷರವಿಲ್ಲದ ಗುಂಡಿ ಬೇಡ.

ಬರುವ ಜೂನ್‌ನಲ್ಲಿ ಗೋಥೆನ್‌ಬರ್ಗ್‌ಗೆ ಬರಬೇಕೆಂದು ಕೆಟ್ಲಿ ಬ್ಯಾಂಡಿನವರ ಕರೆಯಿದೆ, ಗಂಡ ಹೆಂಡತಿ ಇಬ್ಬರಿಗೂ. ಪಾಸ್‌ಪೋರ್ಟ್ ಬಂದಿದೆ. “ಚಳಿಗಾಲದಾಗ ಮಾತ್ರ ಕರೀಬ್ಯಾಡ್ರಿ ಅಂತ ಮೊದಲಽ ಹೇಳೇನಿ. ಹಲಗೀನಽ ಸೆಟೀತೈತಿ, ಇನ್ನ ನಾವು ಉಳೀತೀವೇನು” ಎಂದು ಖಾದರಸಾಬರತ್ತ ನೋಡುತ್ತಾರೆ. ಅವರು ಅದಕ್ಕಾಗಿ ಕೊಂಡ ಸ್ವೆಟರನ್ನು ಜೂನ್ ತನಕ ಕಾಯದೆ ಈಗಲೇ ತೊಟ್ಟು ಕೂತಿದ್ದಾರೆ.

ಎಂಟು ಗಂಟೆಯ ಸುಮಾರಿಗೆ ತಿಳವಳ್ಳಿಯಿಂದ ಬಸವಣ್ಣೆಪ್ಪ ಎಂಬವರು ಟವೆಲ್‌ನಲ್ಲಿ ಸುತ್ತಿದ ಬೆಂಜೋ ಎದೆಗವಚಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ. ಬಸ್ಸಿನ ನೂಕಾಟದಲ್ಲಿ ಬಿದ್ದು ಮೂರು ಗುಂಡಿ ಒಳಗೆ ಹೋಗಿವೆ. ನಾಡಿದ್ದು ದುಂಡಸಿಯಲ್ಲಿ ಅವರ ಪಾರ್ಟಿಗೆ ಮದುವೆಯ ಕೆಲಸ ಇದೆ. ಕುಲಸುಮಬಿ ತೊಡೆಯ ಮೇಲಿದ್ದ ವಾದ್ಯವನ್ನು ಎತ್ತಿ ಮೂಲೆಗಿಟ್ಟು ಕೈ ಚಾಚುತ್ತಾರೆ. ಅದರ ಪಕ್ಕ ಓಸ್ಲೊ ವಿಳಾಸ ಬರೆದ ರಟ್ಟಿನ ಪೆಟ್ಟಿಗೆ ಕಂಡು ಬಸವಣ್ಣೆಪ್ಪ ಹಿಂಜರಿಯುತ್ತಾರೆ.

“ಅದು ಫಾರಿನ್ನಿಂದು ಅಲ್ಲೇನ್ರಿ ಅಕ್ಕಾರ? ಅದನ್ನ ಮುಗಿಸ್ರಿ, ನಾ ಹೊರಗ ಕುಂದ್ರತೇನಿ.”

ಕುಲಸುಮಬಿ ಆಗಲೇ ಟವೆಲ್‌ನ ಗಂಟು ಬಿಚ್ಚುತ್ತಿದ್ದಾರೆ.

“ಅವ್ರು ಕಾಯ್ತಾರ್ರಿ, ಅಣ್ಣಾರ. ಲಗ್ನ ಕಾಯಂಗಿಲ್ಲ. ಒಳಗ ಬಂದು ಕುಂದರ್ರಿ.”